ಆಮೆ ದೀಪದಲ್ಲಿ ಕಂಡ ಸೇವಂತಿಗೆ

ನಲವತ್ತು ದಾಟಿದ ಮೇಲೆ ಕೆಲವರಿಗೆ ವೈರಾಗ್ಯ ಬರುತ್ತದೆ. ನನಗೆ ನೇರಳಾತೀತ ಫೋಟೋಗ್ರಫಿಯ ಹುಚ್ಚು ಹಿಡಿಯಿತು. ನಮ್ಮ ಕಣ್ಣಿಗೆ ಬರೀ ಹಳದಿಯಾಗಿ ಕಾಣುವ ಹೂವಿನಲ್ಲಿ ಜೇನುನೊಣಕ್ಕೆ ಮಾತ್ರ ಕಾಣುವ ಗುರುತುಗಳಿರುತ್ತವಂತೆ. ಆ ಬೆಳಕಿನಲ್ಲಿ ಚಿತ್ರ ತೆಗೆದರೆ ನಮಗೂ ಕಾಣುತ್ತವಂತೆ. ಇದನ್ನು ಓದಿದ ದಿನದಿಂದ ನನಗೆ ಊಟ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡೆರಡು ಸಲ ಹುಳಿ ಹಾಕಿಸಿಕೊಂಡೇ ಯೋಚಿಸಿದೆ.

ಆ ಬೆಳಕಿಗೆ ದೀಪ ಬೇಕಲ್ಲ? ಮದ್ರಾಸಿನ ಬೆಸೆಂಟ್ ನಗರದ ನಮ್ಮ ಮನೆಯ ಹತ್ತಿರ ಮೀನು, ಆಮೆ ಮಾರುವ ಅಂಗಡಿಯೊಂದಿತ್ತು. ಬಿಸಿಲು ಕಾಣದ ಸಾಕು ಆಮೆಗಳಿಗೆಂದೇ ನೇರಳಾತೀತ ಕಿರಣ ಸೂಸುವ ಟ್ಯೂಬ್‌ಲೈಟು ಅಲ್ಲಿ ಎರಡು ಬಗೆ. ಕಿರಣದ ಬಲ ಒಂದರ ಮೇಲೆ ಐದು, ಇನ್ನೊಂದರ ಮೇಲೆ ಹತ್ತು ಎಂದು ಅಚ್ಚಾಗಿತ್ತು. ಎರಡನ್ನೂ ಒಯ್ದು ನೋಡಿ, ಬೇಡವಾದದ್ದನ್ನು ಶನಿವಾರ ತಂದುಕೊಡಿ ಎಂದ ಅಂಗಡಿಯವನು, “ವೀಟ್ಲ ಎತ್ತನೆ ಆಮೈ ಸಾರ್?” ಎಂದು ಕೇಳಿದ. ಮನೆಯಲ್ಲಿ ಆಮೆ ಒಂದೂ ಇಲ್ಲವೆಂದಾಗ ಟ್ಯೂಬುಗಳನ್ನು ಬಿಡಲು ಅವನ ಕೈ ಸ್ವಲ್ಪ ಹಿಂಜರಿಯಿತು.

ಭಾನುವಾರ ನಮ್ಮ ಫೋಟೋ ಕ್ಲಬ್ಬಿನಲ್ಲಿ ಈ ಪವಾಡ ತೋರಿಸುತ್ತೇನೆಂದು ಕೊಚ್ಚಿಕೊಂಡಿದ್ದೆ. ಹಿಂದಿನ ಸಲ ನಾನು ತೋರಿಸಿದ ಚಂದ್ರಗ್ರಹಣ ಬೀದಿದೀಪವೆಂದು ಎಲ್ಲರೆದುರು ಸಾಬೀತಾಗಿತ್ತು. ಈ ಸಲವಾದರೂ ಮಾನ ಉಳಿಯಬೇಕಿತ್ತು.

ಗುರುವಾರ ಕಿಟಕಿಗಳಿಗೆ ಬೆಡ್‌ಶೀಟು ಕಟ್ಟಿ, ಹೂ ಅಲುಗದಂತೆ ಫ್ಯಾನು ನಿಲ್ಲಿಸಿ, ಕ್ಯಾಮೆರಾಗೆ ಆ ಕಿರಣವನ್ನಷ್ಟೇ ಒಳಬಿಡುವ ಫಿಲ್ಟರು ಸಿಕ್ಕಿಸಿ, ಕೂಲಿಂಗ್ ಗ್ಲಾಸು ಹಾಕಿಕೊಂಡು ಮದ್ರಾಸಿನ ಸೆಕೆಯಲ್ಲಿ ಬೆವರುತ್ತ ಐದರ ದೀಪ ಹಚ್ಚಿದೆ. ದೇವರ ಹೂವಿನ ಬುಟ್ಟಿಯಿಂದ ಎಗರಿಸಿದ ಹಳದಿ ಸೇವಂತಿಗೆಯ ಚಿತ್ರದಲ್ಲಿ ಒಂದು ಗುರುತೂ ಕಾಣಲಿಲ್ಲ. ಕಂಡಿದ್ದು ಬಾಗಿಲಲ್ಲಿ ನಿಂತ ನನ್ನ ಹೆಂಡತಿ ಶಾರದೆ.

“ದೇವರಿಗೆ ತಂದ ಹೂವಿಗೆ ಕೈ ಹಾಕ್ತೀರಲ್ರೀ! ಪೂಜೆ ಆಗೋವರ್ಗೂ ತಡ್ಕೊಳಕ್ಕೆ ಆಗಲ್ವಾ?”

ಮಾರನೆಯ ದಿನ ಶುಕ್ರವಾರ. ಪೂಜೆ ಮುಗಿಸಿ ಅವಳೇ ಒಂದು ಸೇವಂತಿಗೆ ತಂದಳು. “ಪ್ರಸಾದ. ಕಣ್ಣಿಗೆ ಒತ್ಕೊಂಡು ಆಮೇಲೆ ನಿಮ್ಮ ಆಮೆ ದೀಪಕ್ಕೆ ತೋರ್ಸಿ.” ಒತ್ತಿಕೊಂಡೆ. ಹತ್ತರ ದೀಪ ಹಚ್ಚಿ ಚಿತ್ರ ತೆಗೆದೆ. ಅಬ್ಬಾ! ಎಸಳುಗಳ ಮೇಲೆ ಕಪ್ಪನೆಯ ಮೂರು ಮಚ್ಚೆ! ಕುಣಿದಾಡಿಬಿಟ್ಟೆ. ಶನಿವಾರ ಐದರ ದೀಪವನ್ನು ವಾಪಸು ಕೊಟ್ಟು, ಅದು ಆಮೆಗೂ ಲಾಯಕ್ಕಿಲ್ಲವೆಂದು ಅಂಗಡಿಯವನಿಗೆ ಉಪನ್ಯಾಸವನ್ನೂ ಕೊಟ್ಟೆ.

ಭಾನುವಾರ ಪರದೆಯ ಮೇಲೆ ಹೂ ಆಳೆತ್ತರಕ್ಕೆ ಮೂಡಿದಾಗ ಕ್ಲಬ್ಬಿನವರೆಲ್ಲ ಕುರ್ಚಿ ಮುಂದಕ್ಕೆಳೆದುಕೊಂಡರು. “ಸೂಪರ್ ಸಾರ್! ಜೇನು ಇಳಿಯೋ ಜಾಗಾ ತಾನೆ?” ಎಂದರು ಕಾರ್ಯದರ್ಶಿ ರಾಘವನ್, ನನ್ನ ಮೇಲಿನ ಪ್ರೀತಿಗಾಗಿ ತಮ್ಮ ತಮಿಳಿಗೆ ಕನ್ನಡ ಬೆರೆಸಿ. “ಹತ್ತರ ದೀಪದ ಮಹಿಮೆ” ಎಂದೆ, ವಿನಯದಿಂದ.

ನನ್ನ ಪವಾಡ ನೋಡಲೆಂದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ ಶಾರದೆ ಎದ್ದು ಪರದೆಯ ಹತ್ತಿರ ಹೋಗಿ, ತನ್ನ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳನ್ನು ಹೂ ಹಿಡಿದಂತೆ ಮಡಿಸಿ ನೋಡಿದಳು. “ರೀ, ಶುಕ್ರವಾರ ಹೊಸಿಲಿಗೆ ಅರಿಶಿನ ಬಳಿದ ಕೈಯಲ್ಲೇ ನಿಮಗೆ ಹೂ ಕೊಟ್ನಲ್ಲ. ಇದು ನನ್ನ ಬೆರಳು!”

ಹಳದಿಯ ಮೇಲಿನ ಹಳದಿ ನಮ್ಮ ಕಣ್ಣಿಗೆ ಬೀಳದಿದ್ದರೂ ಆ ಬೆಳಕಿಗೆ ಕಪ್ಪಾಗಿ ಕಂಡಿತ್ತು. ಐದರ ದೀಪಕ್ಕೂ ಕಾಣುತ್ತಿತ್ತೋ ಏನೋ. ಅದು ಅಷ್ಟು ಹೊತ್ತಿಗೆ ಯಾವುದೋ ಆಮೆಯ ಮನೆ ಸೇರಿತ್ತು. ಕನ್ನಡ ಅರ್ಥವಾಗದವರಿಗೆ ರಾಘವನ್ ಎಲ್ಲವನ್ನೂ ತಮಿಳಿನಲ್ಲಿ ಸಾವಕಾಶವಾಗಿ ವಿವರಿಸಿದರು. ನಕ್ಕು ನಕ್ಕು ಸುಸ್ತಾದವರ ಜೊತೆ ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ.

ಆ ಚಿತ್ರವನ್ನು ಕ್ಲಬ್ಬಿನವರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ. ನನ್ನ ಚಿತ್ರವೊಂದು ಗೋಡೆ ಹತ್ತಿದ್ದು ಅದೇ ಮೊದಲು. ಕೆಳಗೆ ಬರೆದಿದ್ದಾರೆ: “ಕಲಾವಿದೆ: ಶ್ರೀಮತಿ ಶಾರದಾ. ದೀಪ ಹಿಡಿದವರು: ಅವರ ಯಜಮಾನರು.”