ಹಿಂದಿನ ಸೀಟಿನ ಕಾದಂಬರಿಕಾರ

ಕಾದಂಬರಿಕಾರರಿಗೆ ದೆವ್ವದ ಭಯ ಇರಬಾರದು ಎಂದು ನಂಬಿದ್ದವನು ನಾನು. ಎಲ್ಲೂ ಇಲ್ಲದ ಜನರನ್ನು ಹುಟ್ಟಿಸಿ, ಓಡಾಡಿಸಿ, ಬೇಸರ ಬಂದಾಗ ಕೊಂದುಹಾಕುವ ಕಸುಬಿನವರೇ ಹೆದರಿದರೆ ಹೇಗೆ? ಹೀಗೆಲ್ಲ ಕೊಚ್ಚಿಕೊಳ್ಳುತ್ತಿದ್ದ ನಾನು ಕಳೆದ ಜೂನ್ ತಿಂಗಳ ಒಂದು ಶುಕ್ರವಾರ, ಹಾಡಹಗಲಿನಲ್ಲಿ, ಎಸಿ ಕಾರಿನಲ್ಲಿ ಕುಳಿತು ಬೆವರಿದೆ. ಹೆದರಿಸಿದ್ದು ನಾನೇ ಬರೆದ ಪುಟ ಎನ್ನುವುದು ಇನ್ನಷ್ಟು ನಾಚಿಕೆಯ ಸಂಗತಿ.

ದೋಹಾದ ಕಂಪನಿಯೊಂದರಲ್ಲಿ ಹಿರಿಯ ಎಂಜಿನಿಯರ್ ನಾನು. ಅಲ್ ಥುಮಾಮಾದ ಮನೆಯಿಂದ ಆಫೀಸಿಗೆ ನನ್ನನ್ನು ಕರೆದೊಯ್ಯುವವರು ಕಂಪನಿಯ ಡ್ರೈವರ್ ಸದಾನಂದನ್. ಹಿಂದಿನ ಸೀಟಿನಲ್ಲಿ ಕುಳಿತು ಆರು ವರ್ಷ ಅವರ ಕತ್ತನ್ನೇ ನೋಡಿದ್ದರ ಫಲ ನನ್ನ ಹೊಸ ಕಾದಂಬರಿ. ವಿಷಯ, ವರ್ಗ ಮತ್ತು ಅಧಿಕಾರ. ಅದರಲ್ಲಿ ಡ್ರೈವರ್ ಒಬ್ಬ ಇನ್ನೂರು ಪುಟ ಒಂದೂ ಮಾತಾಡದೆ ಸಾಹೇಬನನ್ನು ಹೊತ್ತು ತಿರುಗುತ್ತಾನೆ. ಕೊನೆಗೊಂದು ಶುಕ್ರವಾರ ಮಧ್ಯಾಹ್ನ ಮನೆಯ ದಾರಿ ಬಿಟ್ಟು, ಕಾರನ್ನು ಇಂಡಸ್ಟ್ರಿಯಲ್ ಏರಿಯಾ ಕಡೆ ತಿರುಗಿಸಿ, ಮುಚ್ಚಿದ ಗೋದಾಮುಗಳ ನಡುವೆ ನಿಲ್ಲಿಸಿ, ಕೀ ಕಿತ್ತುಕೊಂಡು ಇಳಿದು ಹೋಗುತ್ತಾನೆ. ಒಳಗಿದ್ದ ಸಾಹೇಬನಿಗೆ ಏನಾಯಿತು ಎಂಬುದನ್ನು ಓದುಗರಿಗೆ ಬಿಟ್ಟಿದ್ದೆ. ಕಥೆಯನ್ನೆಲ್ಲ ಕಟ್ಟಿದ್ದು ಕಾರಿನಲ್ಲೇ, ಗೆಳೆಯನ ಜೊತೆ ಫೋನಿನಲ್ಲಿ, ಗಟ್ಟಿ ದನಿಯ ಕನ್ನಡದಲ್ಲಿ. ಸದಾನಂದನ್ ಮಲಯಾಳಿ ಎಂಬ ಧೈರ್ಯ. ಅವರ ಮೇಲಿನ ಅಭಿಮಾನಕ್ಕೆ ನಾಲ್ಕು ಮಾತು ಮಲಯಾಳವನ್ನೂ ಕಲಿತು ದಿನಾ ಬೆಳಿಗ್ಗೆ “ಸುಖಮಾಣೋ?” ಎನ್ನುತ್ತಿದ್ದೆ. “ಸುಖಂ, ಸುಖಂ” ಎನ್ನುತ್ತಿದ್ದರು.

ಆ ಶುಕ್ರವಾರ ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿರುವ ಗೆಳೆಯರ ಫ್ಲಾಟಿನಲ್ಲಿ ಪುಸ್ತಕದ ಚರ್ಚೆ. ಸದಾನಂದನ್‌ಗೆ ಅಂದು ವಾರದ ರಜೆ. ನಾನು ಕರೆದರೆ ಇಲ್ಲವೆನ್ನುವವರಲ್ಲ. ಕಂಪನಿಯ ಕಾರನ್ನು ನನ್ನ ಸಾಹಿತ್ಯಕ್ಕೆ ಓಡಿಸುವುದು ಸರಿಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಹೊರಗೆ ಬಿಸಿಲೆಂದು ಸದಾನಂದನ್ ಒಳಗೆ ಬಾಗಿಲ ಬಳಿ ನಿಂತಿದ್ದರು. ಶ್ರಮಿಕರ ಮೌನಕ್ಕೆ ದನಿ ಕೊಟ್ಟಿದ್ದೇನೆ ಎಂದು ನಾನು ಮುಕ್ಕಾಲು ಗಂಟೆ ಮಾತಾಡಿದೆ. ಮುಂದಿನ ಸಾಲಿನಲ್ಲಿದ್ದ ನಮ್ಮ ಅಡ್ಮಿನ್ ಮ್ಯಾನೇಜರ್, ಮೈಸೂರಿನ ನಾಗೇಂದ್ರ, ಕೇಳಿದರು: “ಸಾರ್, ಡ್ರೈವರ್ ಯಾರಿಗೂ ಹೇಳದೆ ಕಂಪನಿ ಕಾರಲ್ಲಿ ರೂಮ್‌ಮೇಟನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾನಲ್ಲ, ಅದು ನಿಜವಾಗ್ಲೂ ನಡೆದದ್ದಾ?”

“ನೂರಕ್ಕೆ ನೂರು ನಿಜ. ಒಂದಕ್ಷರ ಕಲ್ಪಿಸಿಲ್ಲ” ಎಂದೆ. ಚಪ್ಪಾಳೆ ಬಿತ್ತು. ಬಾಗಿಲ ಕಡೆ ನೋಡಿದರೆ ಅಲ್ಲಿ ಯಾರೂ ಇರಲಿಲ್ಲ.

ಕಾರು ಹತ್ತಿ, ಫೋನಿನಲ್ಲಿ ಬರುತ್ತಿದ್ದ ಅಭಿನಂದನೆಗಳಿಗೆ ಉತ್ತರಿಸುತ್ತ ಕುಳಿತೆ. ಹತ್ತು ನಿಮಿಷದ ದಾರಿ, ಇಪ್ಪತ್ತಾದರೂ ಮನೆ ಬರಲಿಲ್ಲ. ತಲೆಯೆತ್ತಿದರೆ ಸಾಲು ಸಾಲು ಖಾಲಿ ಬಸ್ಸುಗಳು, ಒಂದರಲ್ಲೂ ಜನರಿಲ್ಲ. ಇದನ್ನೆಲ್ಲೋ ನೋಡಿದ್ದೇನಲ್ಲ ಎನ್ನಿಸಿತು. ನೋಡಿರಲಿಲ್ಲ, ಬರೆದಿದ್ದೆ. ಇಂಡಸ್ಟ್ರಿಯಲ್ ಏರಿಯಾಗೆ ನಾನು ಕಾಲಿಟ್ಟವನೇ ಅಲ್ಲ. ಬಸ್ಸುಗಳಾದ ಮೇಲೆ ಇಳಿಸಿದ ಶಟರುಗಳು ಬರಬೇಕು, ಬಂದವು. ಆಮೇಲೆ ತುಕ್ಕು ಹಿಡಿದ ಡ್ರಮ್ಮು, ಅದೂ ಬಂತು. ಅದರ ನೆರಳಿನ ಬೆಕ್ಕು ಮಾತ್ರ ಬರಲಾರದು, ಅದನ್ನು ವಾತಾವರಣಕ್ಕೆಂದು ಸೇರಿಸಿದ್ದು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಬೆಕ್ಕು ಕಾಣಿಸಿತು. ನನ್ನತ್ತ ತಿರುಗಿಯೂ ನೋಡಿತು. ಅಷ್ಟನ್ನು ನಾನು ಬರೆದಿರಲಿಲ್ಲ.

“ಸದಾನಂದನ್ ಭಾಯ್, ಯೇ ಕೌನ್ಸಾ ರಾಸ್ತಾ ಹೈ?” ಎಂದು ನಮ್ಮ ಎಂದಿನ ಹಿಂದಿಯಲ್ಲಿ ಕೇಳಿದೆ. ಕನ್ನಡಿಯಲ್ಲಿದ್ದ ಎರಡು ಕಣ್ಣುಗಳು ರಸ್ತೆಯನ್ನೇ ನೋಡುತ್ತಿದ್ದವು. “ಸುಖಮಾಣೋ?” ಎಂದೂ ಕೇಳಿದೆ. ಆ ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. ಕಾರು ಎರಡು ಗೋದಾಮುಗಳ ನಡುವೆ ನಿಂತಿತು. ಎಂಜಿನ್ ಆರಿತು. ಕೀ ಹೊರಬಂತು. ಅವರು ಇಳಿದು ಹೋದರು. ಎಸಿಯ ತಂಪು ನಿಧಾನವಾಗಿ ಕರಗತೊಡಗಿತು. ಸಾಹೇಬನ ಗತಿ ಏನಾಯಿತೆಂದು ಓದುಗರಿಗೆ ಬಿಡದೆ ನಾನೇ ಬರೆದಿದ್ದರೆ ಈಗ ಉಪಯೋಗಕ್ಕೆ ಬರುತ್ತಿತ್ತಲ್ಲ ಎಂದು ಪೇಚಾಡಿದೆ. ಬಾಗಿಲು ತೆರೆದು ಓಡಬಹುದೆಂದು ಹೊಳೆಯಲೇ ಇಲ್ಲ. ಆರು ವರ್ಷದಿಂದ ಆ ಬಾಗಿಲನ್ನು ಅವರೇ ತೆರೆದು ಅಭ್ಯಾಸ.

ಈಗಲೂ ಅವರೇ ತೆರೆದರು. “ಇಳೀರಿ ಸರ್. ಸ್ವಲ್ಪ ಮಾತಾಡ್ಲಿಕ್ಕುಂಟು.”

ಕನ್ನಡ! ಆರು ವರ್ಷದಲ್ಲಿ ಆ ಕಾರಿನಲ್ಲಿ ನಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾಗತೊಡಗಿದವು.

“ನಾನು ಕಾರ್ಕಳದವ ಸರ್. ಬರೀ ಸದಾನಂದ. ನೀವು ಅಷ್ಟು ಪ್ರೀತಿಯಲ್ಲಿ ಮಲಯಾಳ ಮಾತಾಡ್ತಿದ್ರಿ, ಹೇಳಿದ್ರೆ ಬೇಜಾರಾಗ್ತದೆ ಅಂತ ಸುಮ್ಮನಿದ್ದೆ.”

ಗೋದಾಮಿನ ಹಿಂದೆಯೇ ಅವರ ರೂಮು. ಯಾರೂ ಇರುವುದಿಲ್ಲ ಎಂದು ನಾನು ಬರೆದಿದ್ದ ಶುಕ್ರವಾರ ಮಧ್ಯಾಹ್ನ, ಅಲ್ಲಿ ಮಂಚಗಳ ಮೇಲೆ ಆರು ಜನ ಕುಳಿತಿದ್ದರು. ಎಲ್ಲರೂ ಕರಾವಳಿಯವರೇ. ಒಬ್ಬರ ತೊಡೆಯ ಮೇಲೆ ನನ್ನ ಪುಸ್ತಕ. ಸದಾನಂದ ದಿನಕ್ಕೊಂದು ಅಧ್ಯಾಯ ಓದಿ ಹೇಳಿದ್ದರಂತೆ. ಯಾರೂ ತುಟಿ ಬಿಚ್ಚಲಿಲ್ಲ. ಪುಸ್ತಕದಲ್ಲಿ ನಾನು ಮೆಚ್ಚಿ ಮೆಚ್ಚಿ ವರ್ಣಿಸಿದ್ದ ಮೌನ ಎದುರಿಗೆ ಬಂದು ಕೂತಾಗ ಬಹಳ ಭಯವಾಗುತ್ತದೆ.

“ಇವರನ್ನೇ ಸರ್ ನಾನು ಆಸ್ಪತ್ರೆಗೆ ಸೇರಿಸಿದ್ದು” ಎಂದು ಸದಾನಂದ ಪುಸ್ತಕ ಹಿಡಿದವರನ್ನು ತೋರಿಸಿದರು. “ಎದೆನೋವು ಬಂದಿತ್ತು. ಅವತ್ತು ಲೇಟಾದದ್ದು ಯಾಕೆ ಅಂತ ನಿಮ್ಮನ್ನು ನಂಬಿ ಹೇಳಿದೆ. ನೀವು ನಾಗೇಂದ್ರ ಸರ್ ಎದುರಿಗೇ ನಿಜ ಅಂತ ಹೇಳಿದ್ರಿ. ಕಾರು ತಗೊಂಡು ಹೋದದ್ದು ನಾನೇ ಅಂತ ಗೊತ್ತಾದ್ರೆ ಕೆಲಸ ಖಲಾಸ್, ಊರಿಗೆ ಕಳಿಸ್ತಾರೆ. ಈಗಲೇ ಫೋನ್ ಮಾಡಿ ಅದು ಸುಳ್ಳು ಅಂತ ಹೇಳಿ.”

ನಾನು ಹಿಂಜರಿದೆ. ಒಬ್ಬ ಮನುಷ್ಯನ ಅನ್ನವನ್ನು ಒಂದು ಕಡೆ, ನನ್ನ ಕಾದಂಬರಿಯ ಸತ್ಯವನ್ನು ಇನ್ನೊಂದು ಕಡೆ ಇಟ್ಟು ತೂಗಿದೆ. ಏಳು ಜೋಡಿ ಕಣ್ಣುಗಳು ಅದನ್ನು ನೋಡುತ್ತಿದ್ದವು. ಕೊನೆಗೆ ಫೋನ್ ಮಾಡಿ, ಅವರೂ ಕೇಳಲೆಂದು ಸ್ಪೀಕರ್ ಹಾಕಿ, “ನಾಗೇಂದ್ರ, ಆ ಆಸ್ಪತ್ರೆ ಪ್ರಸಂಗ ಪೂರ್ತಿ ಕಟ್ಟುಕಥೆ. ಚಪ್ಪಾಳೆ ಆಸೆಗೆ ನಿಜ ಅಂದ್ಬಿಟ್ಟೆ” ಎಂದೆ.

ನಾಗೇಂದ್ರ ಜೋರಾಗಿ ನಕ್ಕರು. “ಅಯ್ಯೋ ಬಿಡಿ ಸಾರ್, ನನಗೆ ಓದುವಾಗ್ಲೇ ಗೊತ್ತಾಯ್ತು. ಆ ಡ್ರೈವರ್ ಒಂದು ಕಡೆನೂ ನಿಜವಾದ ಮನುಷ್ಯನ ಥರ ಕಾಣೋದೇ ಇಲ್ವಲ್ಲ!”

ಮಂಚಗಳ ಮೇಲಿದ್ದ ಆರೂ ಜನ ಒಟ್ಟಿಗೆ ತಲೆಯಾಡಿಸಿದರು. ಸದಾನಂದರೂ ಆಡಿಸಿದರು. ಮ್ಯಾನೇಜರಿಗೂ ಡ್ರೈವರಿಗೂ ಭಿನ್ನಾಭಿಪ್ರಾಯವೇ ಇಲ್ಲದ ವಿಷಯವೊಂದು ಈ ಊರಿನಲ್ಲಿದ್ದರೆ ಅದು ನನ್ನ ಕಾದಂಬರಿ.