ಸಾಯಲು ಅಧಿಕಾರವಿಲ್ಲದ ಬೆಕ್ಕು

ಡಿ.ಡಿ.ಟಿ. ಪುಡಿಯಿಂದ ಸಾಯುವ ಅಧಿಕಾರ ಇರುವುದು ಸೊಳ್ಳೆಗೆ ಮಾತ್ರ. ಇತರ ಪ್ರಾಣಿಗಳು ಕಚೇರಿಯ ಪೂರ್ವಾನುಮತಿಯಿಲ್ಲದೆ ಸತ್ತರೆ ಅದನ್ನು ಸಾವೆಂದು ಪರಿಗಣಿಸತಕ್ಕದ್ದಲ್ಲ. ಹೀಗಿರುವಾಗ ಎಪ್ಪತ್ತೇಳನೆಯ ಇಸವಿಯ ಬೇಸಿಗೆಯಲ್ಲಿ, ಕೆರೆಬಿಳಚಿಯ ಆಚೆಗಿರುವ ನಮ್ಮೂರಿನ ಕರಿಬಸಮ್ಮನ ಬೆಕ್ಕು ಮಾಡಿದ್ದು ಶುದ್ಧ ಅಶಿಸ್ತು. ಗೋಡೆಗಳಿಗೆ ಮದ್ದು ಹೊಡೆದ ಮಾರನೆಯ ದಿನ ಅದು ಮೈಮೇಲೆ ಕೂತ ಬಿಳಿ ಪುಡಿಯನ್ನು ನೆಕ್ಕಿಕೊಂಡು, ಗಡಗಡ ನಡುಗಿ, ಒಲೆಯ ಪಕ್ಕದಲ್ಲಿ ಸತ್ತುಹೋಯಿತು.

ಬೆಕ್ಕಿಗಾಗಿ ಕರಿಬಸಮ್ಮ ಅಷ್ಟೇನೂ ಅಳಲಿಲ್ಲ. ಅವಳ ಚಿಂತೆಯೇ ಬೇರೆ. ಚೊಚ್ಚಲ ಬಾಣಂತನಕ್ಕೆ ಬಂದ ಮಗಳು ತಿಪ್ಪಮ್ಮ ಒಳಕೋಣೆಯಲ್ಲಿ ಹಸುಗೂಸಿನ ಜೊತೆ ಮಲಗಿದ್ದಳು. ಮದ್ದು ಹೊಡೆಯುವಾಗ ಕೋಣೆ ಖಾಲಿ ಮಾಡಬೇಕೆಂದು ಸರ್ಕಾರದ ನಿಯಮ. ಬಾಣಂತಿ ಗಾಳಿಗೆ ಹೊರಬರಬಾರದೆಂದು ಊರಿನ ಕಟ್ಟಳೆ. ಎರಡಕ್ಕೂ ಮರ್ಯಾದೆ ಕೊಟ್ಟು ಪಂಪಿನ ಓಬಣ್ಣ ಆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಬಾಕಿ' ಎಂದು ಬರೆದು ಹೋಗಿದ್ದ. ಬಾಕಿ ಎಂದರೆ ಸೋಮವಾರ ಮತ್ತೆ ಬರುತ್ತಾರೆ.

ಕರಿಬಸಮ್ಮ ಸತ್ತ ಬೆಕ್ಕನ್ನು ಪುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿ, ಚನ್ನಗಿರಿಯ ಸಮಗ್ರ ಕೀಟ ನಿರ್ಮೂಲನಾ ಉಪಕಚೇರಿಗೆ ಹೋದಳು. ಇನ್ಸ್‌ಪೆಕ್ಟರ್ ಜಯದೇವಪ್ಪನವರು ಮೂಗಿಗೆ ಕರ್ಚೀಫು ಹಿಡಿದು ಅಹವಾಲು ಕೇಳಿದರು.

"ಸಾಹೇಬ್ರೆ, ಬೆಕ್ಕಿಗೇ ಹಿಂಗಾದ್ರೆ ಕೂಸಿನ ಗತಿ ಏನ್ರಿ? ಅದೊಂದು ಕೋಣೆ ಬಿಟ್ಟುಬಿಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಏನವ್ವಾ, ಇದನ್ನ ವಿಷ ಅಂದ್ಕಂಡೀಯೇನು? ಕ್ಲೋರಿನ್ ಮನೆತನದ ಮದ್ದು ಇದು. ಆಸ್ಪತ್ರೇಲಿ ಮೂರ್ಛೆ ಬರಿಸಾಕೆ ಕ್ಲೋರೋಫಾರಂ ಕೊಡ್ತಾರಲ್ಲ, ದನದ ಉಣ್ಣೆಗೆ ನೀವು ಗಮಾಕ್ಸಿನ್ ಹಾಕ್ತೀರಲ್ಲ, ಎಲ್ಲಾ ಇದರ ಅಣ್ಣತಮ್ಮಂದ್ರು. ನೀರಲ್ಲಿ ಇದು ಕರಗಂಗೇ ಇಲ್ಲ. ಕರಗಿದ್ರೆ ಎಣ್ಣೆ, ತುಪ್ಪ, ಕೊಬ್ಬಲ್ಲಿ ಮಾತ್ರ. ನಿನ್ನ ಗೋಡೇಲಿ ತುಪ್ಪ ಐತೇನು?"

"ಇಲ್ಲ ರೀ."

"ಮತ್ತೆ ಭಯ ಯಾಕೆ?"

ಆದರೂ ದೂರು ಬಂದಮೇಲೆ ವಿಚಾರಣೆ ನಡೆಯಲೇಬೇಕಲ್ಲ. ಕಚೇರಿಯ ಗೋಡೆಗೆ ಒಂದು ಪ್ರಕಟಣೆ ಅಂಟಿಸಲಾಯಿತು:

"ಕರಿಬಸಮ್ಮನವರ ಬೆಕ್ಕು ಮೃತಪಟ್ಟಿದೆಯೆಂದು ದೂರು ಬಂದಿರುವ ಕಾರಣ, ಸದರಿ ಬೆಕ್ಕು ಸಂಜೆಯೊಳಗೆ ಖುದ್ದು ಹಾಜರಾಗಿ ಹೇಳಿಕೆ ನೀಡತಕ್ಕದ್ದು. ತಪ್ಪಿದಲ್ಲಿ ಏಕಪಕ್ಷೀಯವಾಗಿ ತೀರ್ಮಾನಿಸಲಾಗುವುದು."

ಬೆಕ್ಕು ಪುಟ್ಟಿಯಲ್ಲಿ ಹಾಜರಿತ್ತು. ಆದರೆ ವಾಸನೆ ತಾಳಲಾರದೆ ಮಧ್ಯಾಹ್ನವೇ ಜವಾನ ಅದನ್ನು ಹಿತ್ತಿಲಾಚೆ ಎಸೆದಿದ್ದರಿಂದ ಹೇಳಿಕೆ ಕೊಡಲಾಗಲಿಲ್ಲ. ಸಂಜೆ ಆದೇಶ ಹೊರಬಿತ್ತು: "ಬೆಕ್ಕು ಸ್ವಇಚ್ಛೆಯಿಂದ ಮನೆ ಬಿಟ್ಟು ಹೋಗಿದೆ. ಬಾಕಿ ಕೋಣೆಗೆ ಮದ್ದು ಹೊಡೆಯುವುದು." ಊರಿನವರಿಗೆ ಈ ಭಾಷೆ ಬಹಳ ಹಿಡಿಸಿತು. ಅಂದಿನಿಂದ ಯಾರ ಮನೆಯ ಕೋಳಿ ಕಾಲು ಚಾಚಿದರೂ 'ಮನೆ ಬಿಟ್ಟು ಹೋಯ್ತು' ಎನ್ನುವುದೇ ರೂಢಿಯಾಯಿತು.

ಸೋಮವಾರ ಓಬಣ್ಣ ಪಂಪು ಹೊತ್ತು ಬಂದಾಗ ಕರಿಬಸಮ್ಮ ಒಳಕೋಣೆಯ ಹೊಸ್ತಿಲಿಗೆ ಅಡ್ಡ ಕೂತಿದ್ದಳು.

"ನನ್ನ ದಾಟಿ ಹೋಗು, ನೋಡ್ತೀನಿ."

ಓಬಣ್ಣ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಅಕ್ಕಾ, ಹೆದರಬ್ಯಾಡ. ಪಂಪಲ್ಲಿರೋದು ಬರೀ ಸುಣ್ಣದ ನೀರು. ಪುಡಿ ಮೂಟೆನೆಲ್ಲ ಸಾಹೇಬ್ರು ಮೊನ್ನೆನೇ ಪ್ಯಾಟೆಗೆ ಸಾಗ್ಸ್ಯಾರೆ. ನಾನು ಹೇಳ್ದೆ ಅನ್ನಬ್ಯಾಡ ಮತ್ತೆ."

ಕರಿಬಸಮ್ಮ ಚನ್ನಗಿರಿಯ ದಿಕ್ಕಿಗೆ ತಿರುಗಿ ಕೈಮುಗಿದಳು. ಓಬಣ್ಣನಿಗೆ ಮಂಡಕ್ಕಿ, ಚಾ ಕೊಟ್ಟಳು. ಕಳ್ಳತನವನ್ನು ಸುಮ್ಮನೆ ಬೈಯುವವರು ಇದನ್ನು ಗಮನಿಸಬೇಕು: ನಮ್ಮೂರಿನ ಕೂಸು ಅಂದು ಉಳಿದದ್ದು ಕಳ್ಳತನದಿಂದಲೇ. ಸಂಗತಿ ತಿಳಿದು ನನಗೂ ಕಣ್ತುಂಬಿ ಬಂತು.

ಆ ಮೂಟೆಗಳು ಸೇರಿದ್ದು ಪೇಟೆಯ ದಿನಸಿ ವ್ಯಾಪಾರಿ ನಾಗರಾಜಪ್ಪನವರ ಮಳಿಗೆಗೆ. ಅವರು ಲೋಕೋಪಕಾರಿ. ಅಕ್ಕಿಚೀಲಕ್ಕೆ ಒಂದು ಹಿಡಿ, ತೊಗರಿಬೇಳೆಗೆ ಒಂದು ಹಿಡಿ ಎಂದು ಉದುರಿಸಿದ್ದೇ ತಡ, ಅಂಗಡಿಯ ಹುಳಗಳೆಲ್ಲ ಸ್ವಇಚ್ಛೆಯಿಂದ ಮನೆ ಬಿಟ್ಟು ಹೋದವು. 'ಹುಳವಿಲ್ಲದ ಹಳೆ ಅಕ್ಕಿ' ಎಂಬ ಬೋರ್ಡು ಬಾಗಿಲಿಗೆ ಬಂತು. ಅತ್ಯಂತ ಶುಚಿಯಾದ ಅಂಗಡಿಯೆಂದು ವರ್ತಕರೆಲ್ಲ ಸೇರಿ ಸನ್ಮಾನ ಮಾಡಿದರು. ಶಾಲು ಹೊದಿಸಿದ್ದು ಜಯದೇವಪ್ಪನವರು.

ಬಾಣಂತಿಗೆ ಹಳೆ ಅಕ್ಕಿಯೇ ಆಗಬೇಕು. ಕರಿಬಸಮ್ಮ ಹುಡುಕಿಕೊಂಡು ಅಲ್ಲಿಗೇ ಹೋದಳು.

"ಇದೇನ್ರಿ ಅಕ್ಕಿ ಮ್ಯಾಲೆ ಬಿಳಿ ಪುಡಿ?"

"ಧೂಳು ಕಣವ್ವಾ. ಹಳೆ ಅಕ್ಕಿ ಅಂದ್ರೆ ಹಂಗೇ. ಚೆನ್ನಾಗಿ ತೊಳ್ಕಂಡ್ರಾತು."

ಕರಿಬಸಮ್ಮ ಚೆನ್ನಾಗಿಯೇ ತೊಳೆದಳು. ನೀರು ತಿಳಿಯಾಗುವವರೆಗೂ ತಿಕ್ಕಿ ತಿಕ್ಕಿ ತೊಳೆದಳು. ಮಗಳಿಗೆ ಹಾಲು ಕೂಡಲೆಂದು ದಿನವೂ ಬಿಸಿ ಅನ್ನದ ಮೇಲೆ ಮನೆಯ ತುಪ್ಪ ಧಾರಾಳವಾಗಿ ಸುರಿದಳು. ತಿಪ್ಪಮ್ಮ ಉಂಡು ಮೈತುಂಬಿಕೊಂಡಳು, ಕೂಸು ಹಾಲು ಕುಡಿದು ಹಾಯಾಗಿ ನಿದ್ದೆ ಮಾಡಿತು. ಮನೆಗೆ ತಂದ ಹೊಸ ಬೆಕ್ಕಿನ ಮರಿ ಬಾಣಂತಿಯ ತಟ್ಟೆ ನೆಕ್ಕುತ್ತಿತ್ತು.

ಒಂದು ದಿನ ಊಟಕ್ಕೆ ಕೂತ ತಿಪ್ಪಮ್ಮ ಕೂಸನ್ನು ಎದೆಗೆ ಹಾಕಿಕೊಂಡು ಹೇಳಿದಳು: "ಅವ್ವಾ, ಮರಿ ಬೆಳಿಗ್ಗೆಯೆಲ್ಲ ನಡುಗ್ತಿತ್ತು. ಈಗ ಏಳವಲ್ದು ನೋಡು."

ಕರಿಬಸಮ್ಮ ಒಲೆಯ ಕಡೆ ನೋಡಿದಳು. ಎದ್ದು ಹೋಗಿ ಮರಿಯ ಮೇಲೆ ಪುಟ್ಟಿ ಕವುಚಿ ಹಾಕಿ ಬಂದಳು.

"ಮನೆ ಬಿಟ್ಟು ಹೋಗೈತೆ ಬಿಡು. ಆಫೀಸಿನೋರೇ ಹೇಳ್ಯಾರಲ್ಲ, ಬೆಕ್ಕಿನ ಜಾತಿನೇ ಹಂಗೆ. ನೀ ಉಣ್ಣು" ಎಂದು ಅನ್ನದ ಮೇಲೆ ಮತ್ತೊಮ್ಮೆ ತುಪ್ಪದ ಮಿಳ್ಳೆ ಬಗ್ಗಿಸಿದಳು.