ಎರಡನೇ ಕಂತಿನ ಸಾವು

ಅಜ್ಜಿಯನ್ನು ಎರಡನೇ ಕಂತಿನಲ್ಲೇ ಸಾಯಿಸಿಬಿಡುವುದೆಂದು ನಿರ್ದೇಶಕ ಬೆಳಗ್ಗೆ ಹಲ್ಲುಜ್ಜುವಾಗಲೇ ತೀರ್ಮಾನಿಸಿದ. ಆಮೇಲೆ ತಿಂದ ತಿಂಡಿ ಎಂದಿಗಿಂತ ರುಚಿಯಾಗಿತ್ತು.

ಅವನದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆಯ ಸ್ಟುಡಿಯೋ. ಅಲ್ಲಿ ತಯಾರಾಗುತ್ತಿದ್ದ ವೆಬ್ ಸರಣಿಗೆ ಕತೆ, ಮಾತು, ನಿರ್ದೇಶನ ಅವನದು, ಮಿಕ್ಕಿದ್ದೆಲ್ಲ ಹೆಂಡತಿಯದು. ಅಜ್ಜಿಯ ಪಾತ್ರದ ನಟಿ ಕೊನೇ ಗಳಿಗೆಯಲ್ಲಿ ಕೈಕೊಟ್ಟಾಗ, "ನಮ್ಮಮ್ಮ ಇದಾರಲ್ಲ" ಎಂದವಳೂ ಅವಳೇ. ಅಂದಿನಿಂದ ಅವನ ನೆಮ್ಮದಿ ಹಾರಿಹೋಯಿತು. ಅವನು ತಲೆ ಕೆರೆದುಕೊಂಡು ಬರೆದ ಮಾತನ್ನು ಅತ್ತೆ ಕ್ಯಾಮೆರಾ ಮುಂದೆಯೇ ನಿಲ್ಲಿಸಿ, "ಅಳಿಯಂದ್ರೇ, ಯಾವ ಮನೇಲಿ ಹೀಗೆ ಮಾತಾಡ್ತಾರೆ?" ಎಂದು ಕೇಳುವರು. ತಂಡದವರು ತಲೆ ತಗ್ಗಿಸಿ ನಗುವರು. ತನ್ನ ಸೆಟ್ಟಿನಲ್ಲಿ ತಾನೇ ಯಜಮಾನನಾಗಬೇಕು, ಪಾಪ, ಅಷ್ಟೇ ಅವನ ಆಸೆ. ಬೇಡವೆನ್ನಲು ಧೈರ್ಯವಿಲ್ಲ. ಕತೆಯಲ್ಲೇ ಸಾಯಿಸಿಬಿಟ್ಟರೆ ಯಾರೂ ತಪ್ಪು ಹಿಡಿಯುವಂತಿಲ್ಲ.

"ಸಾಯ್ಬೇಕಾ? ಏನಾಗಿ?" ಎಂದರು ಅತ್ತೆ.

"ಎದೆನೋವು. ಕತೆ ಕೇಳ್ತಿದೆ, ಅತ್ತೆ."

"ಕತೆ ಕೇಳ್ತಿದೆಯೋ, ನೀವು ಕೇಳ್ತಿದೀರೋ?"

ನಿರ್ದೇಶಕ ಕೆಮ್ಮಿ, ದೀಪಗಳನ್ನು ಸರಿಪಡಿಸಲು ಹೋದ.

ಸುತ್ತ ನಿಂತು ಅಳಲು ನೆರೆಹೊರೆಯವರನ್ನೇ ಕರೆಸಿದ್ದಾಯಿತು. ಮೊದಲ ಸಲ ಅತ್ತೆ ನರಳುತ್ತಿದ್ದಂತೆ ಪಕ್ಕದ ಮನೆಯ ನರ್ಸಮ್ಮ ಮುನ್ನುಗ್ಗಿ, "ಅಯ್ಯೋ, ಅದು ಹೊಟ್ಟೆನೋವಿನ ಥರ ಆಯ್ತು. ಇಲ್ಲಿ ಹಿಡ್ಕೊಳ್ಳಿ" ಎಂದು ತೋರಿಸಿಕೊಟ್ಟಳು. ಎರಡನೇ ಸಲ ಸೈಕಲ್ ಅಂಗಡಿಯವನು ಅವರು ಸಾಯುವ ಮೊದಲೇ ಗೊಳೋ ಎಂದು ಅತ್ತ. ಮೂರನೇ ಸಲ ಸಾವು ಸರಿಯಾಗಿಯೇ ಆಯಿತು. ಆದರೆ ಎದುರುಮನೆಯ ಮೇಷ್ಟರು ಬರೆಯದ ಭಾಷಣ ಶುರುಮಾಡಿ, "ಮೃತರ ಬಾಲ್ಯದಿಂದ ಹೇಳುವುದಾದರೆ..." ಎನ್ನುತ್ತಲೇ ಹೆಣ ಒಂದು ಕಣ್ಣು ತೆರೆದು, "ಮೇಷ್ಟ್ರೇ, ಚಿಕ್ಕದಾಗಿ ಮುಗ್ಸಿ" ಎಂದಿತು.

ಊಟವಾದ ಮೇಲಿನದು ಇನ್ನೂ ಚೆಂದ. ಎಲ್ಲರೂ ಹದವಾಗಿ ಅಳುತ್ತಿದ್ದಾಗ ಧ್ವನಿ ಹಿಡಿಯುವವನು ಹೆಡ್‌ಫೋನ್ ಕಿತ್ತು ಪಿಸುಗುಟ್ಟಿದ: "ಸಾರ್, ಹೆಣ ಗೊರಕೆ ಹೊಡೀತಿದೆ."

ಅಷ್ಟರಲ್ಲಿ ಸರಣಿಯನ್ನು ಪ್ರಸಾರ ಮಾಡಲಿರುವ ಆ್ಯಪ್ ಕಂಪನಿಯ ಮೇಡಂ ಚಿತ್ರೀಕರಣ ನೋಡಲು ಬಂದು ಕುರ್ಚಿಯಲ್ಲಿ ಕೂತರು. ನಿರ್ದೇಶಕ ಮಂಚದ ಬಳಿಗೆ ಓಡಿ ಅತ್ತೆಯನ್ನು ಎಬ್ಬಿಸಿದ.

"ಅತ್ತೆ, ಕೈ ಮುಗೀತೀನಿ. ನಿಮಗೆ ಹೇಗೆ ತೋಚುತ್ತೋ ಹಾಗೆ ಸಾಯಿರಿ!"

"ಅದನ್ನ ಬೆಳಗ್ಗೇನೇ ಹೇಳ್ಬಾರ್ದಿತ್ತಾ?" ಎಂದು ಅತ್ತೆ ಮಲಗಿದರು.

ಈ ಸಲ ಅವರು ಎದೆ ಹಿಡಿಯಲಿಲ್ಲ, ನರಳಲಿಲ್ಲ. ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ಒಲೆ ಮೇಲೆ ಹಾಲಿಟ್ಟಿದೀನಿ. ಉಕ್ಕಿಬಿಡುತ್ತೆ, ಯಾರಾದ್ರೂ ನೋಡ್ಕೊಳ್ರೋ..." ಎಂದರು. ಹಾಗೆಯೇ ಸುಮ್ಮನಾದರು. ಮೇಷ್ಟರು ಭಾಷಣ ಮರೆತು ಬಿಕ್ಕಿದರು. ಸೈಕಲ್ ಅಂಗಡಿಯವನು ಕಣ್ಣೊರೆಸಿಕೊಳ್ಳುತ್ತ ನಿಜವಾಗಿಯೂ ಅಡುಗೆಮನೆಗೆ ಓಡಿದ. ಅಲ್ಲಿ ಹಾಲಿರಲಿಲ್ಲ. ನಿರ್ದೇಶಕನಿಗೂ ದುಃಖ ಉಕ್ಕಿತು. ಇಂಥ ಅತ್ತೆಯ ಮೇಲೆ ಹಗೆ ಸಾಧಿಸಿದೆನಲ್ಲ ಎಂದು ನಾಚಿಕೆಯೂ ಆಯಿತು. ಆದರೂ "ಕಟ್" ಎನ್ನುವಾಗ ಅವನ ಮನಸ್ಸು ಹಗುರಾಗಿತ್ತು. ನಾಳೆಯಿಂದ ಸೆಟ್ಟು ಅವನದು!

ಮೇಡಂ ಮೂಗೊರೆಸಿಕೊಂಡು ಎದ್ದರು. "ಇಷ್ಟು ಚೆನ್ನಾಗಿ ಸಾಯೋರನ್ನ ಎರಡನೇ ಕಂತಿಗೇ ಯಾಕ್ರೀ ಮುಗಿಸ್ತೀರಿ? ಇದನ್ನ ಕೊನೇ ಕಂತಿಗೆ ಇಡಿ. ಅಲ್ಲೀವರೆಗೂ ಪ್ರತಿ ಕಂತಲ್ಲೂ ಅಜ್ಜಿ ಇರ್ಬೇಕು. ಹಾಗಿದ್ರೆ ಮಾತ್ರ ಸರಣಿ ನಮ್ದು."

"ಖಂಡಿತ ಇರ್ತಾರೆ!" ಎಂದಳು ಹೆಂಡತಿ, ಗಂಡ ಬಾಯಿ ತೆರೆಯುವ ಮೊದಲೇ.

ಹೊದಿಕೆ ಸರಿಸಿ ಅತ್ತೆ ಎದ್ದು ಕೂತರು. "ಅಂದ್ರೆ ಮಧ್ಯದ ಕಂತುಗಳಲ್ಲೆಲ್ಲ ನಾನು ಬದುಕಿರ್ತೀನಿ. ಏನೇನು ಮಾಡ್ತೀನಿ, ಅಳಿಯಂದ್ರೇ?"

ಸತ್ತವರಿಗೆ ಅವನೇನು ಬರೆದಿರುತ್ತಾನೆ? "ಇನ್ನೂ... ಏನೂ ಬರ್ದಿಲ್ಲ, ಅತ್ತೆ."

"ಒಳ್ಳೇದೇ ಆಯ್ತು," ಎಂದು ಅತ್ತೆ ಮಂಚದ ಮೇಲೆ ಅವನಿಗೂ ಜಾಗ ಮಾಡಿಕೊಟ್ಟರು. "ಬನ್ನಿ, ಕೂತ್ಕೊಳ್ಳಿ. ನಾನು ಹೇಳ್ತಾ ಹೋಗ್ತೀನಿ, ನೀವು ಬರ್ಕೊಳ್ಳಿ."